ಟನ್ ಲೆಕ್ಕ ಸಾಲದು, ಗೂಟ ನೆಟ್ಟು ನೋಡಿ



ಮಣ್ಣಿನ ಸವೆತವನ್ನು ಹೆಕ್ಟೇರಿಗೆ ಇಷ್ಟು ಟನ್ ಎಂದು ಹೇಳುವುದು ನಮ್ಮ ಇಲಾಖೆಯವರ ರೂಢಿ. 1983ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದ ಸರಾಸರಿ ವರ್ಷಕ್ಕೆ 16 ಟನ್ನಿಗೂ ಸ್ವಲ್ಪ ಹೆಚ್ಚು. ಕೆಂಪು ಭೂಮಿಗೆ ಈ ಲೆಕ್ಕ ಸರಿ. ಕೊಳೆತ ಜೊಂಡು, ಎಲೆ, ಬೇರುಗಳಿಂದಲೇ ಆದ ಜೌಗು ಮಣ್ಣಿಗೂ ಇದನ್ನೇ ಹಚ್ಚುವುದು ತಪ್ಪೆಂದು ನನ್ನ ಅಭಿಪ್ರಾಯ.

ಸಾಧಾರಣ ಹೊಲದ ಒಂದು ಘನ ಮೀಟರ್ ಮಣ್ಣು ಒಣಗಿದಾಗ ಸುಮಾರು 1.3 ಟನ್ ತೂಗುತ್ತದೆ. ಜೌಗು ಮಣ್ಣಾದರೆ ಕಾಲು ಟನ್ನಿನ ಆಸುಪಾಸು. ಹೆಕ್ಟೇರಿಗೆ 16 ಟನ್ ಹೋಯಿತೆನ್ನಿ. ಹೊಲದಲ್ಲಿ ಒಂದೂಕಾಲು ಮಿಲಿಮೀಟರ್ ಪದರ ಹೋದರೆ ಜೌಗಿನಲ್ಲಿ ಆರಕ್ಕೂ ಮೇಲೆ ಹೋಗಿರುತ್ತದೆ. ನಾಲ್ಕು ವರ್ಷಕ್ಕೆ ಒಂದು ಅಂಗುಲ! ತೂಕ ಒಂದೇ, ನಷ್ಟ ಐದು ಪಾಲು.

ಇನ್ನೊಂದು ಮಾತು. ಇಂಥ ಮಣ್ಣು ಮಳೆ ಗಾಳಿಗೆ ಮಾತ್ರ ಹೋಗುವುದಿಲ್ಲ. ಬಸಿಗಾಲುವೆ ತೆಗೆದು ನೀರಿಳಿಸಿದೊಡನೆ ಒಳಗೆ ಗಾಳಿಯಾಡಿ, ಸೂಕ್ಷ್ಮಜೀವಿಗಳು ಸಾವಯವ ಅಂಶವನ್ನು ತಿಂದು ಅನಿಲವಾಗಿ ಹಾರಿಸಿಬಿಡುತ್ತವೆ. ಬದು ಹಾಕಿ ಇದನ್ನು ತಡೆಯಲಾಗದು. ಕೋಡಿಯಲ್ಲಿ ಹೂಳು ಹಿಡಿದು ಅಳೆಯಲೂ ಆಗದು.

ಅಮೆರಿಕದ ಫ್ಲಾರಿಡಾದ ಬೆಲ್ ಗ್ಲೇಡಿನಲ್ಲಿ 1924ರಲ್ಲಿ 9 ಅಡಿಯ ಕಾಂಕ್ರೀಟು ಕಂಬವನ್ನು ಸುಣ್ಣಕಲ್ಲಿನ ತಳದವರೆಗೆ ಇಳಿಸಿ, ತುದಿಯನ್ನು ನೆಲಮಟ್ಟಕ್ಕೆ ನಿಲ್ಲಿಸಿದರು. ಇಂದು ಅದು ಆಳೆತ್ತರ ಹೊರಗಿದೆ. ಇಂಗ್ಲೆಂಡಿನ ಹೋಮ್ ಫೆನ್ನಿನಲ್ಲಿ 1851ರಲ್ಲಿ ಹೂತ ಕಬ್ಬಿಣದ ಕಂಬ ಸುಮಾರು 4 ಮೀಟರ್ ಮೇಲೆ ಕಾಣುತ್ತಿದೆ. ಕಂಬಗಳು ಏಳಲಿಲ್ಲ, ನೆಲ ಇಳಿಯಿತು.

ನಮ್ಮಲ್ಲಿ ಅಂಥ ಭೂಮಿ ಕಡಿಮೆ. ಆದರೆ ಕೇರಳದ ಕುಟ್ಟನಾಡಿನ ಕರಿ ಗದ್ದೆಗಳು ದೂರವಿಲ್ಲ, ಜೌಗು ತಗ್ಗನ್ನು ಬಸಿದು ಸಾಗು ಮಾಡಿದವರು ನಿಮ್ಮಲ್ಲೂ ಇದ್ದೀರಿ. ಅಂಥವರು ಒಂದಂಗುಲದ ಕಬ್ಬಿಣದ ಪೈಪನ್ನು ಕೆಳಗಿನ ಗಟ್ಟಿ ಜೇಡಿ ತಾಗುವವರೆಗೆ ಇಳಿಸಿ. ಅರ್ಧಕ್ಕೆ ನಿಂತ ಗೂಟ ಮಣ್ಣಿನೊಡನೆ ತಾನೂ ಇಳಿದು ಸುಳ್ಳು ಹೇಳುತ್ತದೆ. ಗದ್ದೆಗೆ ಮೂರು ನಾಲ್ಕು ಬೇಕು. ವರ್ಷವರ್ಷವೂ ಅದೇ ತಿಂಗಳು, ಉಳುವ ಮುನ್ನ ಅಳೆಯಿರಿ. ಒದ್ದೆ ಮಣ್ಣು ಉಬ್ಬಿರುತ್ತದೆ, ಒಣಗಿದ್ದು ಕುಗ್ಗಿರುತ್ತದೆ.

ಇಳಿದದ್ದೆಲ್ಲ ನಷ್ಟವೆಂದೂ ತಿಳಿಯಬೇಡಿ. ಮೊದಲ ಕೆಲವು ವರ್ಷ ಮಣ್ಣು ಒತ್ತೊತ್ತಾಗಿ ಕೂರುವುದೂ ಅದರಲ್ಲಿ ಸೇರಿರುತ್ತದೆ. ಆದ್ದರಿಂದ ಒಂದೇ ಅಳತೆಯ ಡಬ್ಬಿಯನ್ನು ನೆಲಕ್ಕೆ ಒತ್ತಿ ಮಣ್ಣು ತೆಗೆದು, ಪೂರ್ತಿ ಒಣಗಿಸಿ, ತೂಕವನ್ನೂ ಬರೆದಿಡಿ. ಬಸಿಗಾಲುವೆಯನ್ನು ಪೈರಿಗೆ ಬೇಕಾದಷ್ಟೇ ಆಳ ಇಡಿ, ಬೆಳೆಯಿಲ್ಲದ ತಿಂಗಳಲ್ಲಿ ಅದರ ಬಾಯಿ ಕಟ್ಟಿ ನೀರು ನಿಲ್ಲಿಸಿ.