ಅಟ್ಟದ ಮೇಲಿನ ದುರ್ಯೋಧನನಿಗೆ ಪ್ಲಾಸ್ಟಿಕ್ ಹೊದಿಸಬೇಡಿ!

ಕನ್ನಡದ ತರುಣರೇ, 1934ರಲ್ಲಿ ತೆರೆಗೆ ಬಂದ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದೇ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದರ ಬಗ್ಗೆ ನಾಲ್ಕು ಮಾತು ಗೊತ್ತಿದ್ದರೆ ಅದು ಕಾಗದದ ಪುಣ್ಯ. ಆ ಕಾಗದವನ್ನೂ ಕೊಲ್ಲಲು ನಾವು ಟೊಂಕ ಕಟ್ಟಿ ನಿಂತಿದ್ದೇವೆ!

ಸಿನಿಮಾ ಬಿಡಿ, ನಮ್ಮ ಸೀಮೆಗೆ ಬನ್ನಿ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ಇದು. ತೋವಿನಕೆರೆ, ಕೊರಟಗೆರೆ, ಮಧುಗಿರಿ ಕಡೆ ಜಾತ್ರೆ ಬಂತೆಂದರೆ ‘ಕುರುಕ್ಷೇತ್ರ’ ನಾಟಕ ಬೇಕೇ ಬೇಕು. ಅದರ ಹಳೆಯ ವಾಲ್‌ಪೋಸ್ಟರ್ ನೋಡಿದ್ದೀರಾ? ಗುಲಾಬಿ, ಹಳದಿ ಕಾಗದ. ಮೊಳೆ ಜೋಡಿಸಿ ಟ್ರೆಡಲ್‌ನಲ್ಲಿ ಹೊಡೆದದ್ದು. ದುರ್ಯೋಧನ ಯಾರು, ಶಕುನಿ ಯಾರು, ಹಾರ್ಮೋನಿಯಂ ಮೇಷ್ಟ್ರು ಯಾರು, ಸೀನರಿ ಯಾವ ಊರಿನದು, ಎಲ್ಲ ಅದರಲ್ಲಿದೆ. ಹಗಲು ಹೊಲ ಉತ್ತು ರಾತ್ರಿಯಿಡೀ ಕಂದ ಹಾಡಿದ ರೈತನ ಹೆಸರು ಪಹಣಿ ಬಿಟ್ಟರೆ ಇನ್ನೆಲ್ಲಿದೆ? ಯಾವ ಸಾಹಿತ್ಯ ಚರಿತ್ರೆಯಲ್ಲಿ ಅವನಿದ್ದಾನೆ, ಹೇಳಿ!

ನನ್ನ ಪ್ರೆಸ್ಸಿಗೆ ಹುಡುಗರು ತಾತನ ಪೋಸ್ಟರ್ ತರುತ್ತಾರೆ. ‘ಅಣ್ಣಾ, ಲ್ಯಾಮಿನೇಷನ್ ಮಾಡಿಕೊಡಿ.’ ಮಾಡಲ್ಲ, ಹೋಗಪ್ಪ ಅಂತೀನಿ. ಗಿರಾಕಿ ಹೋದರೆ ಹೋಗಲಿ. ಬಿಸಿಗೆ ಕರಗಿ ನಾರಿಗಿಳಿದ ಪ್ಲಾಸ್ಟಿಕ್ಕನ್ನು ಕಾಗದ ಹಾಳಾಗದಂತೆ ಬಿಡಿಸುವುದು ಆಗದ ಮಾತು. ಸೆಲೋಟೇಪ್ ಇನ್ನೂ ನೀಚ: ಟೇಪು ಉದುರುತ್ತದೆ, ಅಂಟು ಕಂದು ಕಲೆಯಾಗಿ ಒಳಗೇ ಕೂರುತ್ತದೆ. ಅಗ್ಗದ ಕಾಗದ ಮರದ ತಿರುಳಿನದು. ಬೆಳಕು, ಗಾಳಿಗೆ ಅದರೊಳಗಿನ ಲಿಗ್ನಿನ್ ಕೆಟ್ಟು ಆಮ್ಲವಾಗಿ, ಕಾಗದ ಹಳದಿ ತಿರುಗಿ ಹಪ್ಪಳದಂತೆ ಮುರಿಯುತ್ತದೆ. ಪ್ಲಾಸ್ಟಿಕ್ ಒಳಗೆ ಬಂಧಿಸಿದರೆ ಆಮ್ಲ ಓಡಿಹೋಗುತ್ತದೆಯೇ? ಒಳಗೇ ಕೂತು ತಿನ್ನುತ್ತದೆ.

ಮತ್ತೇನು ಮಾಡಬೇಕು? ಕೆಲಸ ಕಲಿಯಬೇಕು! ಮೊದಲು ಫೋಟೋ ತೆಗೆಯಿರಿ. ಮೆತ್ತನೆಯ ಬ್ರಷ್‌ನಲ್ಲಿ ಧೂಳು ಹೊಡೆಯಿರಿ. ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ನೀರಿನ ಸಹವಾಸವೇ ಬೇಡ. ಗುಲಾಬಿ ಕಾಗದವನ್ನಂತೂ ನಂಬಲೇಬೇಡಿ. ಹರಿದ ಕಡೆ ಹಿಂಬದಿಯಿಂದ ತೆಳು ಜಪಾನಿ ಟಿಶ್ಯೂ, ಗೋಧಿ ಪಿಷ್ಟದ ಅಂಟು. ಗೋಡೆಗೆ ಬಳಿಯುವ ಮೈಲುತುತ್ತದ ಮೈದಾ ಗಂಜಿ ಅಲ್ಲ ಸ್ವಾಮಿ! ಹಲ್ವಾ ಮಾಡಲು ಗೋಧಿ ಹಾಲು ತೆಗೆಯುತ್ತಾರಲ್ಲ, ಅದರ ತಳದಲ್ಲಿ ಕೂರುವ ಬಿಳಿ ಪಿಷ್ಟ. ಬೇಯಿಸಿ, ಸೋಸಿ, ತೆಳ್ಳಗೆ ಹಚ್ಚಬೇಕು. ತಪ್ಪಾದರೆ ತೇವ ಕೊಟ್ಟು ಬಿಡಿಸಬಹುದು, ಅದೇ ಅದರ ದೊಡ್ಡ ಗುಣ. ಆಮ್ಲ ತೆಗೆಯುವ ಸುಣ್ಣದ ನೀರಿನ ಕೆಲಸ ಮಾತ್ರ ಪರಿಣತರದು. ಯೂಟ್ಯೂಬ್ ನೋಡಿಕೊಂಡು ಕೈ ಹಾಕಬೇಡಿ.

ಸಂಘದ ಗೆಳೆಯರೇ, ನಿಮಗೂ ಒಂದು ಮಾತು. ನವೆಂಬರ್ ಬಂದರೆ ಫ್ಲೆಕ್ಸಿಗೆ ಎಷ್ಟು ಸುರಿಯುತ್ತೀರಿ? ಆ ದುಡ್ಡಿನಲ್ಲಿ ಒಂದು ಪಾಲು ತೆಗೆದಿಡಿ. ಬಲ್ಲವರನ್ನು ಕರೆಸಿ ತಾಲ್ಲೂಕಿಗೊಂದು ಶಿಬಿರ ಮಾಡಿ. ಪಾಠ ಕನ್ನಡದಲ್ಲೇ ನಡೆಯಲಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಬಾಗಿಲನ್ನೂ ಬಡಿಯಿರಿ, ಬೋರ್ಡಿಗೆ ಮಸಿ ಬಳಿಯುವಷ್ಟೇ ಹುರುಪಿನಿಂದ!

ಬೆಂಗಳೂರಿನ ರೂಮಿನಲ್ಲಿರುವ ತಮ್ಮಂದಿರೇ, ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟ ಹತ್ತಿ. ಟ್ರಂಕಿನ ತಳದಲ್ಲಿ ಮಡಿಸಿದ ಗುಲಾಬಿ ಕಾಗದ ಸಿಕ್ಕರೆ ಎಳೆದು ಬಿಡಿಸಬೇಡಿ. ಎರಡು ರಟ್ಟಿನ ನಡುವೆ ಇಟ್ಟು ತೋವಿನಕೆರೆಗೆ ತನ್ನಿ. ಬಿಡಿಸುವುದು ಹೇಗೆಂದು ತೋರಿಸುತ್ತೇನೆ. ದುಡ್ಡು ಬೇಡ.