ಛಾಯಾಚಿತ್ರ ಯಾರ ಕಡೆಯ ಸಾಕ್ಷಿ?

‘ಅಂದು–ಇಂದು’ ಎಂಬ ತಲೆಬರಹದ ಕೆಳಗೆ ಒಂದೇ ಬೀದಿಯ ಎರಡು ಚಿತ್ರಗಳನ್ನು ಅಕ್ಕಪಕ್ಕ ಅಚ್ಚುಹಾಕುವ ಪದ್ಧತಿ ಲೋಕಪ್ರಿಯವಾಗಿದೆ. ಎಡಗಡೆ ಟ್ರಾಮು, ಕುದುರೆಗಾಡಿ, ಟೊಪ್ಪಿಗೆ ಧರಿಸಿದ ಗಂಡಸರು, ಕಲ್ಲಿನ ಕಮಾನು. ಬಲಗಡೆ ಗಾಜಿನ ಗೋಪುರ, ಕಾರುಗಳ ಸಾಲು. ಕೆನಡಾದ ನಗರಗಳನ್ನು ಕುರಿತ ಇಂಥ ಚಿತ್ರಗಳು ಬೇಕಾದಷ್ಟಿವೆ. ನೋಡಿದವರು ‘ಕಾಲ ಎಷ್ಟು ಬದಲಾಯಿತು!’ ಎಂದು ನಿಟ್ಟುಸಿರಿಟ್ಟು ಪುಟ ತಿರುವುತ್ತಾರೆ. ನನ್ನ ತಕರಾರು ಇರುವುದು ಈ ನಿಟ್ಟುಸಿರಿನ ಮೇಲೆ. ಸಭೆ ಸೇರಿ, ಠರಾವು ಮಾಡಿ, ಕಂಟ್ರಾಕ್ಟು ಕೊಟ್ಟು ಆ ಮನೆಗಳನ್ನು ಕೆಡವಿಸಿದವರು ಮನುಷ್ಯರು. ಅವರ ಕೆಲಸವನ್ನು ಕಾಲಪುರುಷನ ತಲೆಗೆ ಕಟ್ಟಿ ಕೂತಿರುವವರೆಗೆ ಹಳೆಯ ಚಿತ್ರದಿಂದ ನಾವು ಕಲಿಯುವುದೇನೂ ಇಲ್ಲ.

ಛಾಯಾಚಿತ್ರ ತಾನಾಗಿ ಹುಟ್ಟುವುದಿಲ್ಲ. ಯಾರೋ ಯಾವುದೋ ಉದ್ದೇಶಕ್ಕೆ ತೆಗೆಸುತ್ತಾರೆ. ಟೊರಾಂಟೊದ ಅತ್ಯಂತ ಹಳೆಯ ಚಿತ್ರಗಳೆಂದು ಹೆಸರಾದವನ್ನೇ ನೋಡಿ. 1856-57ರಲ್ಲಿ ರಾಸಿನ್ ಹೌಸ್ ಎಂಬ ಹೋಟೆಲಿನ ಮಾಳಿಗೆಯ ಮೇಲಿನಿಂದ ಅವನ್ನು ತೆಗೆದರು. ಯಾವ ಊರು ರಾಜಧಾನಿಯಾಗಬೇಕೆಂಬ ಪ್ರಶ್ನೆ ಆಗ ವಿಕ್ಟೋರಿಯಾ ರಾಣಿಯ ಮುಂದಿತ್ತು. ತಮ್ಮ ಊರೇ ತಕ್ಕದ್ದೆಂದು ತೋರಿಸಲು ಟೊರಾಂಟೊದವರು ಆ ಪಟಗಳನ್ನು ಲಂಡನ್ನಿಗೆ ಕಳುಹಿಸಿದರು. ರಾಣಿ ಆಟವಾವನ್ನು ಆರಿಸಿದಳು. ಪಟಗಳು ಲಂಡನ್ನಿನ ವಿದೇಶಾಂಗ ಕಚೇರಿಯ ಗ್ರಂಥಾಲಯದಲ್ಲಿ ಮರೆತುಹೋಗಿ, 1979ರಲ್ಲಿ ಮತ್ತೆ ಬೆಳಕಿಗೆ ಬಂದವು. ಅವನ್ನು ಹಳೆಯ ಊರಿನ ನಿಜರೂಪವೆಂದು ನಂಬುವುದು, ವರನ ಕಡೆಗೆ ಕಳುಹಿಸಲೆಂದು ತೆಗೆಸಿದ ಪಟದಿಂದ ಕನ್ಯೆಯ ದಿನನಿತ್ಯದ ಬಾಳನ್ನು ಊಹಿಸಿದಂತೆ.

ಹೊಗಳಿಕೊಳ್ಳಲು ತೆಗೆಸಿದ ಪಟಗಳಿರುವಂತೆಯೇ ದೂರು ಹೇಳಲು ತೆಗೆಸಿದವೂ ಇವೆ. ಆರ್ಥರ್ ಗಾಸ್ 1911ರಲ್ಲಿ ಟೊರಾಂಟೊ ನಗರದ ಮೊದಲ ಅಧಿಕೃತ ಛಾಯಾಗ್ರಾಹಕನಾದ. ಆರೋಗ್ಯಾಧಿಕಾರಿ ಡಾಕ್ಟರ್ ಚಾರ್ಲ್ಸ್ ಹೇಸ್ಟಿಂಗ್ಸನ ಇಲಾಖೆಗಾಗಿ ಅವನು ‘ವಾರ್ಡ್’ ಎಂಬ ಕೇರಿಯ ಚಿತ್ರಗಳನ್ನು ತೆಗೆದ. ಯೆಹೂದ್ಯರು, ಇಟಾಲಿಯನ್ನರು, ಚೀನೀಯರು ಮೊದಲಾದ ವಲಸೆಗಾರರು ಬಂದಿಳಿದ ಕೇರಿ ಅದು. ಹಳೆಯ ಹಲಗೆಯ ಮನೆಗಳು, ಹಿತ್ತಲಿನ ಕಕ್ಕಸು, ಅಂಗಳದ ಕಸದ ನಡುವೆ ನಿಂತ ಮಕ್ಕಳು—ಇವು ಆ ಚಿತ್ರಗಳ ವಸ್ತು. ಹೇಸ್ಟಿಂಗ್ಸನ ಕಳಕಳಿ ಸುಳ್ಳಲ್ಲ. ಅಲ್ಲಿ ನೀರಿಗೂ ಚರಂಡಿಗೂ ಕೊರತೆಯಿತ್ತು. ಆದರೆ ಕೊಳಕನ್ನೇ ತೋರಿಸಲು ಹೊರಟ ಕ್ಯಾಮರಾದ ಕಣ್ಣಿಗೆ ಅಲ್ಲಿನ ಅಂಗಡಿ, ಪ್ರಾರ್ಥನಾಮಂದಿರ, ನೆರೆಹೊರೆಯ ಕೊಡುಕೊಳ್ಳುವಿಕೆ ಇವೆಲ್ಲ ಎಲ್ಲಿ ಕಾಣಬೇಕು? ನಲ್ಲಿ ಬೇಕಾಗಿದ್ದ ಮನೆಗೆ ಹಾರೆ ಬಂತು. ಕೆಲವು ದಶಕಗಳಲ್ಲಿ ಕೇರಿಯೇ ಇಲ್ಲವಾಯಿತು. ಅದರ ಒಂದು ಭಾಗದ ಮೇಲೆ 1965ರಲ್ಲಿ ಹೊಸ ನಗರಭವನ ತೆರೆಯಿತು. ಫಿನ್ಲೆಂಡಿನ ವಿಲ್ಯೊ ರೆವೆಲ್ ರಚಿಸಿದ, ಬಿಲ್ಲಿನಂತೆ ಬಾಗಿದ ಅದರ ಜೋಡಿಗೋಪುರಗಳು ಚೆಲುವಾಗಿಯೇ ಇವೆ. ಆ ಚೆಲುವಿಗೆ ಜಾಗ ಬಿಟ್ಟುಕೊಟ್ಟವರ ಹೆಸರು ಮಾತ್ರ ಯಾವ ‘ಅಂದು–ಇಂದು’ ಪುಟದಲ್ಲಿಯೂ ಇಲ್ಲ.

ಮಾಂಟ್ರಿಯಲ್ಲಿನ ಚಿತ್ರಗಳು ಇನ್ನೂ ನಿಷ್ಠುರವಾದವು. ಬಂದರಿನ ಬಳಿ ‘ಕಾಕಂಬಿ ಕೇರಿ’ ಎಂಬರ್ಥದ ಫ್ರೆಂಚ್ ಹೆಸರಿನ ಕಾರ್ಮಿಕರ ಬಡಾವಣೆಯೊಂದಿತ್ತು. ರೇಡಿಯೊ-ಕೆನಡಾ ಸಂಸ್ಥೆಗೆ ಭವನ ಕಟ್ಟಲು ಅದನ್ನು ಆರಿಸಿಕೊಂಡರು. 1963ರಲ್ಲಿ ನಗರಸಭೆಯ ಛಾಯಾಗ್ರಾಹಕರು ಮನೆಮನೆಗೂ ಹೋದರು. ನೌಕರನೊಬ್ಬ ಸಂಖ್ಯೆ ಬರೆದ ಫಲಕ ಹಿಡಿದು ಮನೆಯ ಮುಂದೆ ನಿಂತ, ಚಿತ್ರ ತೆಗೆದರು, ಮುಂದಿನ ಮನೆಗೆ ನಡೆದರು. ಪರಿಹಾರದ ಲೆಕ್ಕಕ್ಕೆಂದು ತೆಗೆದ ಕಡತದ ಚಿತ್ರಗಳಿವು. ಆದರೂ ಕೆಲವು ಚಿತ್ರಗಳಲ್ಲಿ ಕಿಟಕಿಯಿಂದಲೋ ಮೊಗಸಾಲೆಯಿಂದಲೋ ಮನೆಯವರು ಇಣುಕಿದ್ದಾರೆ. ಆ ಮುಖಗಳಿಗೆ ಕಡತದಲ್ಲಿ ಸಂಖ್ಯೆಯಿಲ್ಲ. 778 ವಸತಿಗಳು, ಹನ್ನೆರಡು ದಿನಸಿ ಅಂಗಡಿಗಳು, ಹದಿಮೂರು ಊಟದ ಮನೆಗಳು, ಸುಮಾರು ಇಪ್ಪತ್ತು ಕಾರ್ಖಾನೆಗಳು ನೆಲಸಮವಾದವು. ಸುಮಾರು ಐದು ಸಾವಿರ ಜನ ಗಂಟುಮೂಟೆ ಕಟ್ಟಿದರು. 1973ರಲ್ಲಿ ತೆರೆದ ಆ ಭವನದ ಸುತ್ತ ಬಹುಕಾಲ ಉಳಿದದ್ದು ಕಾರು ನಿಲ್ಲಿಸುವ ಬಯಲು. ಐವತ್ತು ವರ್ಷ ತುಂಬುವ ಮೊದಲೇ ಸಂಸ್ಥೆ ಭವನವನ್ನು ಬಿಟ್ಟು ಪಕ್ಕದ ಹೊಸ ಕಟ್ಟಡಕ್ಕೆ ಹೋಯಿತು. ಮಾರಿದ ಜಾಗದಲ್ಲಿ ಏನು ಕಟ್ಟುವ ಯೋಜನೆ ಗೊತ್ತೆ? ವಸತಿಗೃಹಗಳನ್ನು! ಐದು ಸಾವಿರ ಜನ ವಾಸವಾಗಿದ್ದ ನೆಲ ವಾಸಕ್ಕೆ ಯೋಗ್ಯವೆಂದು ತಿಳಿಯಲು ಅರ್ಧ ಶತಮಾನ ಬೇಕಾಯಿತು.

‘ಹಾಗಾದರೆ ಊರು ಬೆಳೆಯಬೇಡವೆ? ಪ್ರತಿಯೊಂದು ಹಳೆಯ ಇಟ್ಟಿಗೆಗೂ ಮಂಗಳಾರತಿ ಎತ್ತಬೇಕೆ?’ ಎಂದು ಕೇಳುವವರುಂಟು. ಬೇಡ. ಸೋರುವ ಮನೆ ಸೋರುವ ಮನೆಯೇ. ಬಡತನವನ್ನು ಕಪ್ಪುಬಿಳುಪಿನಲ್ಲಿ ನೋಡಿ ಸವಿಯುವವರ ಬಗ್ಗೆ ನನಗೂ ಮರುಕವಿಲ್ಲ. ನಾನು ಒಪ್ಪದಿರುವುದು, ‘ಕೆಡವುವ ಮುನ್ನ ಒಂದು ಚಿತ್ರ ತೆಗೆದಿಟ್ಟರೆ ಸಾಕು, ಚರಿತ್ರೆ ಉಳಿಯಿತು’ ಎಂಬ ಆಡಳಿತದ ಜಾಣ್ಮೆಯನ್ನು. ಇದು ತಿಥಿಯ ಅಡುಗೆಯನ್ನು ತೋರಿಸಿ, ಬದುಕಿದ್ದಾಗ ಹಾಕದ ಅನ್ನದ ಲೆಕ್ಕ ಮುಚ್ಚಿದಂತೆ.

ಚಿತ್ರ ಬೇರೆ ಕೆಲಸವನ್ನೂ ಮಾಡಬಲ್ಲದು. 1973ರಲ್ಲಿ ಮಾಂಟ್ರಿಯಲ್ಲಿನ ಶೆರ್‌ಬ್ರುಕ್ ಬೀದಿಯಲ್ಲಿದ್ದ, ರೈಲ್ವೆ ಧಣಿ ವ್ಯಾನ್ ಹಾರ್ನನ ಬಂಗಲೆಯನ್ನು ಕೆಡವಿದಾಗ ಊರಿನವರು ಎಚ್ಚೆತ್ತರು. ವಾಸ್ತುಶಿಲ್ಪಿ ಫಿಲಿಸ್ ಲ್ಯಾಂಬರ್ಟ್, ಛಾಯಾಗ್ರಾಹಕ ರಿಚರ್ಡ್ ಪೇರ್ ಇವರು ಆ ದಶಕದಲ್ಲಿ ಬೂದುಗಲ್ಲಿನ ಕಟ್ಟಡಗಳನ್ನು ಅವು ನಿಂತಿರುವಾಗಲೇ ಒಂದೊಂದಾಗಿ ಚಿತ್ರಿಸಿದರು. 1975ರಲ್ಲಿ ಪರಂಪರೆಯ ರಕ್ಷಣೆಗೆ ‘ಎರಿಟಾಜ್ ಮಾಂಟ್ರಿಯಲ್’ ಸಂಸ್ಥೆ ಹುಟ್ಟಿತು. ಟೊರಾಂಟೊದಲ್ಲಿ 1899ರ ಹಳೆಯ ನಗರಭವನ ಇಂದಿಗೂ ಹೊಸದರ ಪಕ್ಕದಲ್ಲಿ ನಿಂತಿರುವುದು, ಅದನ್ನು ಕೆಡವುವ ಯೋಜನೆ ಬಂದಾಗ ನಾಗರಿಕರು ಎದ್ದು ನಿಂತದ್ದರಿಂದ. ಕಾಕಂಬಿ ಕೇರಿಯ ಚಿತ್ರಗಳನ್ನು ಕೂಡ 2011ರಲ್ಲಿ ಮಾಂಟ್ರಿಯಲ್ ಇತಿಹಾಸ ಕೇಂದ್ರ ಪ್ರದರ್ಶನಕ್ಕಿಟ್ಟು, ಅಲ್ಲಿ ಬಾಳಿದವರ ಮಾತುಗಳನ್ನು ಜೊತೆಗೆ ಕೇಳಿಸಿತು. ಕಡತ ಅಂದು ಬಾಯಿಬಿಟ್ಟಿತು. ಆದರೆ ನಲವತ್ತೆಂಟು ವರ್ಷ ತಡವಾಗಿ.

ಆದ್ದರಿಂದ ಹಳೆಯ ಬೀದಿಯ ಚಿತ್ರ ಕೈಗೆ ಬಂದಾಗ ನಿಟ್ಟುಸಿರು ಬಿಡುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಇದನ್ನು ತೆಗೆಸಿದವರು ಯಾರು? ಇದು ಯಾವ ಕಡತಕ್ಕೆ ಸೇರಿತ್ತು? ಇದರಲ್ಲಿರುವ ಜನ ಆಮೇಲೆ ಎಲ್ಲಿಗೆ ಹೋದರು? ಮೊದಲೆರಡಕ್ಕೆ ದಾಖಲೆಯ ಕೋಣೆಯಲ್ಲಿ ಉತ್ತರ ಸಿಕ್ಕೀತು. ಮೂರನೆಯದಕ್ಕೆ ಉತ್ತರ ಕೊಡಬೇಕಾದವರು ಠರಾವಿಗೆ ರುಜು ಹಾಕಿದವರು. ಅವರನ್ನು ಕೇಳಬೇಕಾದವರು ನಾವು, ಮನೆ ಇನ್ನೂ ನಿಂತಿರುವಾಗಲೇ.