ನೆರವು ಯಾರದೇ ಇರಲಿ, ತೀರ್ಮಾನ ಯಾರದು?

ಯುದ್ಧ ಮುಗಿದ ನಾಡಿಗೆ ಮೊದಲು ಬರುವುದು ಅಕ್ಕಿ, ಔಷಧ, ಡೇರೆ. ಅನಂತರ ಬರುವುದು ಯೋಜನೆ. ಮೊದಲನೆಯದು ಜೀವ ಉಳಿಸುತ್ತದೆ. ಅದರ ಬಗ್ಗೆ ತಕರಾರಿಲ್ಲ. ಎರಡನೆಯದು ಮಣ್ಣು, ನೀರು, ಕಾಡುಗಳ ಮೇಲಿನ ಹಕ್ಕನ್ನೇ ಬದಲಿಸಬಲ್ಲದು. ಆದುದರಿಂದ ಎಷ್ಟು ಕೋಟಿ ಬಂದಿತು ಎಂಬುದಕ್ಕಿಂತ ತೀರ್ಮಾನ ಯಾರು ಕೈಗೊಂಡರು ಎಂಬುದು ದೊಡ್ಡ ಪ್ರಶ್ನೆ.

ಶ್ರೀಲಂಕೆಯಲ್ಲಿ ಯುದ್ಧ 2009ರಲ್ಲಿ ಕೊನೆಗೊಂಡಿತು. ಅಲ್ಲಿನ ನಿರಾಶ್ರಿತರಿಗಾಗಿ ಭಾರತವು 50,000 ಮನೆಗಳ ಯೋಜನೆಯನ್ನು ಕೈಗೆತ್ತಿಕೊಂಡಿತು. ಮೊದಲ ಸಾವಿರ ಮನೆಗಳನ್ನು ಗುತ್ತಿಗೆಯಲ್ಲಿ ಕಟ್ಟಿಸಿದ ಮೇಲೆ, 2012ರಿಂದ ಬಹುಪಾಲು ಮನೆಗಳ ಹಣವನ್ನು ಕಂತುಗಳಲ್ಲಿ ಕುಟುಂಬಗಳ ಖಾತೆಗೇ ನೀಡಲಾಯಿತು. ತಮ್ಮ ಮನೆಯನ್ನು ಅವರೇ ಕಟ್ಟಿಕೊಂಡರು. ಹಣ ಸಾಲದೆ ಸಾಲ ಮಾಡಿದವರೂ ಇದ್ದರು. ಆದರೂ ಗೋಡೆ ಎಲ್ಲಿ, ಬಾಗಿಲು ಎತ್ತ ಎಂಬ ತೀರ್ಮಾನ ಮನೆಯವರ ಕೈಯಲ್ಲಿ ಉಳಿಯಿತು.

ನೆಲೆ ಕಳೆದುಕೊಂಡವರಿಗೆ ಹೊರಗಿನ ನೆರವಿನಿಂದ ಬದುಕು ಕಟ್ಟಿಕೊಟ್ಟ ಅನುಭವ ನಮ್ಮ ರಾಜ್ಯಕ್ಕೂ ಉಂಟು. 1959ರಲ್ಲಿ ಲ್ಹಾಸಾದ ದಂಗೆ ಹತ್ತಿಕ್ಕಲ್ಪಟ್ಟ ಬಳಿಕ ಸಾವಿರಾರು ಟಿಬೆಟಿಯನ್ನರು ಭಾರತಕ್ಕೆ ಬಂದರು. ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೀಡಿತು. ಬಳಿಕ ಮುಂಡಗೋಡು, ಹುಣಸೂರು, ನಮ್ಮ ಮಲವಳ್ಳಿಯಿಂದ ಕೊಳ್ಳೇಗಾಲ ದಾಟಿದರೆ ಸಿಗುವ ಒಡೆಯರಪಾಳ್ಯಗಳಲ್ಲಿ ನೆಲೆಗಳು ಮೂಡಿದವು. ಕಾಡು ಕಡಿದು ಮುಸುಕಿನ ಜೋಳ ಬೆಳೆಯಲಾಯಿತು. ಮಳೆಯಾಶ್ರಿತ ನೆಲದಲ್ಲಿ ವರ್ಷವರ್ಷವೂ ಅದೇ ಬೆಳೆಯಿಟ್ಟರೆ ಮಣ್ಣಿನ ಸಾರ ಕುಂದುತ್ತದೆ. ಕಾಡಂಚಾದುದರಿಂದ ಆನೆಯ ಕಾಟ ಬೇರೆ. ಚಳಿಗಾಲದಲ್ಲಿ ನಗರಗಳಿಗೆ ಹೋಗಿ ಸ್ವೆಟರ್ ಮಾರುವುದು ಅವರಿಗೆ ಅನಿವಾರ್ಯವಾದುದು ಬೇಸಾಯವೊಂದರಿಂದಲೇ ಬದುಕು ಸಾಗದ ಕಾರಣಕ್ಕೆ. ಇಷ್ಟಾದರೂ ಆ ನೆಲೆಗಳು ನಿಂತವು. ಸಹಕಾರ ಸಂಘ, ಶಾಲೆ, ಆಸ್ಪತ್ರೆಗಳನ್ನು ನಡೆಸುವ ಹೊಣೆಯನ್ನು ಸಮುದಾಯವೇ ಹೊತ್ತುಕೊಂಡದ್ದು ಅದಕ್ಕೆ ಮುಖ್ಯ ಕಾರಣ.

ಈ ಪುನರ್ವಸತಿಗೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ಮುಂದೆ ಅದು ಬಡ ಹಳ್ಳಿಗರತ್ತ ತಿರುಗಿತು. 1980ರ ದಶಕದ ನಡುವೆ, ದೊಡ್ಡ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆಯುಳ್ಳವರು ಸೇರಿದ ಸಣ್ಣ ಗುಂಪುಗಳು ಉಳಿದವು. ಅಂಥ ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗವನ್ನು ನಬಾರ್ಡ್ 1992ರಲ್ಲಿ ಆರಂಭಿಸಿತು. ಇಂದು ಆತಗೂರಿನಂಥ ಊರುಗಳಲ್ಲಿ ಹೆಣ್ಣುಮಕ್ಕಳು ಸಂಘದ ಲೆಕ್ಕದ ಪುಸ್ತಕ ಬರೆಯುವುದರ ಹಿಂದೆ ಆ ಅನುಭವದ ಪಾಲೂ ಇದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಹತ್ತಿರದಲ್ಲೇ ಇದೆ. 1996ರಲ್ಲಿ ವಿಶ್ವಬ್ಯಾಂಕಿನ ನೆರವಿನ ಪರಿಸರ ಅಭಿವೃದ್ಧಿ ಯೋಜನೆ ಮಂಜೂರಾಗಿ ನಾಗರಹೊಳೆಗೂ ಬಂದಿತು. ಯೋಜನೆ ರೂಪಿಸುವಾಗ ತಮ್ಮನ್ನು ಕೇಳಲಿಲ್ಲವೆಂದು ಆದಿವಾಸಿಗಳ ಸಂಘಟನೆ 1998ರಲ್ಲಿ ಬ್ಯಾಂಕಿನ ಪರಿಶೀಲನಾ ಸಮಿತಿಗೆ ದೂರಿತು. ಸಮಿತಿಯು ತನಿಖೆಗೆ ಶಿಫಾರಸು ಮಾಡಿತು; ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಲಿಲ್ಲ. ಪರದೇಶದಿಂದ ಬಂದವರಿಗೆ ನೆಲ ನೀಡಿದ ನಾಡು, ತಲೆತಲಾಂತರದಿಂದ ಕಾಡಿನಲ್ಲಿದ್ದ ಜೇನುಕುರುಬರನ್ನು ‘ಫಲಾನುಭವಿ’ಗಳ ಪಟ್ಟಿಗೆ ಸೇರಿಸಿತು. ಟಿಬೆಟಿಯನ್ನರಿಗೆ ಕೊಟ್ಟದ್ದು ತಪ್ಪಲ್ಲ; ಅದೇ ಗೌರವ ಇವರಿಗೆ ಸಿಗದಿದ್ದುದು ತಪ್ಪು.

ಕೊಡುವವರ ಮನಸ್ಸು ಬದಲಾಗುವುದಕ್ಕೆ ಹೊತ್ತು ಬೇಕಿಲ್ಲ. 2025ರಲ್ಲಿ ಅಮೆರಿಕವು ತನ್ನ ವಿದೇಶಿ ನೆರವಿನ ಸಂಸ್ಥೆಯನ್ನೇ ಮುಚ್ಚಿದಾಗ, ಅದನ್ನೇ ನೆಚ್ಚಿದ್ದ ಬಡ ದೇಶಗಳ ಚಿಕಿತ್ಸಾಲಯಗಳು ಬಾಗಿಲು ಹಾಕಬೇಕಾಯಿತು.

ಬೆಟ್ಟದ ಊರುಗಳಿಗೆ ನಾಳೆಯೂ ಯೋಜನೆಗಳು ಬರಲಿವೆ: ಜಲಾನಯನ, ಅರಣ್ಯೀಕರಣ, ಇಂಗಾಲದ ಹೆಸರಿನವು. ಆಗ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಮಾತು ಕೇಳೋಣ. ಯೋಜನೆಯ ಕಾಗದ ಕನ್ನಡದಲ್ಲಿದೆಯೇ? ಬೇಡವೆನ್ನುವ ಅಧಿಕಾರ ನಮಗಿದೆಯೇ? ಹಣ ನಿಂತ ಮರುವರ್ಷ ಇದನ್ನು ನಡೆಸುವವರು ಯಾರು? 2006ರ ಅರಣ್ಯ ಹಕ್ಕು ಕಾಯಿದೆಯು ಗ್ರಾಮಸಭೆಗೆ ಬಲ ಕೊಟ್ಟಿದೆ. ಓದು ಬಲ್ಲ ವಿದ್ಯಾರ್ಥಿಗಳು ಆ ಕಾಗದಗಳನ್ನು ಊರಿನ ಹಿರಿಯರಿಗೆ ಓದಿ ಹೇಳಲಿ. ಉತ್ತರ ಸಿಗುವವರೆಗೆ ಸಹಿ ಹಾಕುವ ಅವಸರ ನಮಗೆ ಬೇಡ.